ರಟ್ಟಿನ ಚಂದ ನೋಡಿ ಮರುಳಾಗದಿರಿ

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುತ್ತಿದ್ದಂತೆ ಪುಸ್ತಕದ ಅಂಗಡಿಗಳಲ್ಲಿ ನೂಕುನುಗ್ಗಲು. ಮಗನಿಗೆ ಕ್ರಿಕೆಟ್ ಆಟಗಾರನ ಚಿತ್ರವಿರುವ ನೋಟ್‌ಬುಕ್ಕೇ ಬೇಕು. ಅಪ್ಪನ ಕಣ್ಣು ಬೆಲೆಯ ಮೇಲೆ. ಒಳಗಿನ ಹಾಳೆಯನ್ನು ಮುಟ್ಟಿ ನೋಡುವವರು ಕಡಿಮೆ. ಆದರೆ ಮಗು ವರ್ಷವಿಡೀ ಬರೆಯುವುದು ಆ ಹಾಳೆಯ ಮೇಲೆಯೇ ಹೊರತು ರಟ್ಟಿನ ಮೇಲಲ್ಲ.

ಹಾಳೆಯ ದಪ್ಪವನ್ನು ಅಂದಾಜು ಮಾಡಲು ಜಿಎಸ್‌ಎಂ ಎಂಬ ಅಳತೆಯಿದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಶಾಲಾ ನೋಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ 54ರಿಂದ 60 ಜಿಎಸ್‌ಎಂ ಕಾಗದವಿರುತ್ತದೆ; 70ರದೂ ಸಿಗುತ್ತದೆ.

ಹಾಗೆಂದು ದಪ್ಪವೊಂದೇ ಗುಣಮಟ್ಟದ ಗುರುತಲ್ಲ. ಕಾಗದ ತಯಾರಿಸುವಾಗ ಅದು ಬೇಗ ನೀರು ಹೀರದಂತೆ ಅಂಟಿನಂಥ ಪದಾರ್ಥ ಸೇರಿಸುತ್ತಾರೆ. ಇದರಲ್ಲಿ ಕೊರತೆಯಾದರೆ ದಪ್ಪ ಹಾಳೆಯಲ್ಲೂ ಶಾಯಿ ಹರಡಿ, ಅಕ್ಷರಗಳ ಅಂಚು ಒಡೆದಂತೆ ಕಾಣುತ್ತದೆ. ದುಂಡಗೆ ಬರೆಯುವ ಮಗುವಿನ ಬರವಣಿಗೆಯೂ ಕೆಟ್ಟಿತೆನಿಸುತ್ತದೆ.

ಪರೀಕ್ಷೆ ಸುಲಭ. ಡಜನ್‌ಗಟ್ಟಲೆ ಕೊಳ್ಳುವ ಮೊದಲು ಒಂದೇ ಒಂದು ಪುಸ್ತಕ ತನ್ನಿ. ಮಗು ದಿನವೂ ಬಳಸುವ ಪೆನ್ನಿನಿಂದಲೇ ಕೊನೆಯ ಪುಟದಲ್ಲಿ ನಾಲ್ಕು ಸಾಲು ಬರೆಸಿ. ಶಾಯಿ ಹರಡಿತೇ? ಹಿಂಬದಿಗೆ ಇಳಿಯಿತೇ? ಚಿಕ್ಕ ತರಗತಿಯವರಾದರೆ ಪೆನ್ಸಿಲಿನಲ್ಲಿ ಬರೆಸಿ, ರಬ್ಬರಿನಿಂದ ಅಳಿಸಿ ನೋಡಿ. ಹಾಳೆ ಹಿಂಜಿ ಬರಬಾರದು. ಬಾಲ್ ಪೆನ್ನಿನ ಶಾಯಿ ಮಂದವಾದ್ದರಿಂದ ಅದಕ್ಕೆ ತೆಳು ಹಾಳೆಯೂ ಸಾಕು. ಶಾಯಿ ಪೆನ್ನು, ಜೆಲ್ ಪೆನ್ನಿನವರು ಹೆಚ್ಚು ಎಚ್ಚರ ವಹಿಸಬೇಕು.

ಬೈಂಡಿಂಗನ್ನೂ ಗಮನಿಸಿ. ನಡುವೆ ಪಿನ್ನು ಹೊಡೆದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗಿ, ಬರೆದ ಪಾಠ ಉದುರಿಹೋಗುತ್ತದೆ. ದಪ್ಪ ಪುಸ್ತಕಕ್ಕೆ ದಾರದ ಹೊಲಿಗೆಯೇ ಲೇಸು.

ಇನ್ನು ಹೊರೆಯ ಮಾತು. 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ 200 ಪುಟಗಳ ಪುಸ್ತಕದಲ್ಲಿರುವುದು 100 ಹಾಳೆ. ಕಾಗದ 54 ಜಿಎಸ್‌ಎಂ ಆದರೆ ರಟ್ಟು ಬಿಟ್ಟು ತೂಕ ಸುಮಾರು 233 ಗ್ರಾಂ. 70 ಆದರೆ 302 ಗ್ರಾಂ. ದಪ್ಪ ಹಾಳೆಯ ಇಂಥ ಆರು ಪುಸ್ತಕ ಸೇರಿದರೆ 1.8 ಕಿಲೋ! ಪಠ್ಯಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ಬೇರೆ. 3ರಿಂದ 5ನೇ ತರಗತಿಯ ಮಕ್ಕಳ ಚೀಲ 3 ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತು. ಆದ್ದರಿಂದ ಶಿಕ್ಷಕರ ಒಪ್ಪಿಗೆ ಪಡೆದು, 200 ಪುಟದ ಒಂದರ ಬದಲು 100 ಪುಟದ ಎರಡನ್ನು ಒಂದಾದ ಮೇಲೊಂದರಂತೆ ಬಳಸುವುದು ಜಾಣತನ. ಬೆಲೆ ತುಸು ಹೆಚ್ಚಾದರೂ ಮಗುವಿನ ಬೆನ್ನಿನ ಮೇಲಿನ ನೋಟ್‌ಬುಕ್‌ಗಳ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ.

ವರ್ಷದ ಕೊನೆಗೆ ಉಳಿದ ಖಾಲಿ ಹಾಳೆಗಳನ್ನು ಕಿತ್ತು ಹೊಲಿದು ರಫ್ ಪುಸ್ತಕ ಮಾಡಿಕೊಡುತ್ತಿದ್ದ ಅಮ್ಮಂದಿರ ರೂಢಿಯನ್ನೂ ಮರೆಯಬೇಡಿ. ಒಳ್ಳೆಯ ಹಾಳೆಯಾದರೆ ಅದು ಮರುವರ್ಷಕ್ಕೂ ಬಾಳುತ್ತದೆ. ಕ್ರಿಕೆಟ್ ಆಟಗಾರನ ಚಿತ್ರವಾದರೋ, ಬ್ರೌನ್ ಪೇಪರಿನ ಬೈಂಡ್ ಹಾಕಿದ ದಿನವೇ ಮರೆಯಾಗುತ್ತದೆ.