03233 ಸಂಖ್ಯೆಯ ಕಡಲಾಮೆ ಎಲ್ಲಿಂದ ಬಂತು?

2025ರ ಜನವರಿ ಕೊನೆಯಲ್ಲಿ ಒಂದು ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದ ದಡಕ್ಕೆ ಒಂದು ಕಡಲಾಮೆ ಮೊಟ್ಟೆ ಇಡಲು ಬಂತು. ಅದರ ಮುಂಗಾಲಿಗೆ ಲೋಹದ ಪುಟ್ಟ ಬಿಲ್ಲೆ ಹಾಕಿತ್ತು. ಬಿಲ್ಲೆಯ ಮೇಲಿದ್ದ ಸಂಖ್ಯೆ 03233. ಯಾರು ಹಾಕಿದ್ದು ಅಂತ ಹುಡುಕಿದರೆ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2021ರ ಮಾರ್ಚ್‌ನಲ್ಲಿ ಹಾಕಿದ್ದು! ಎಲ್ಲಿ? ಒಡಿಶಾದ ಗಹಿರ್‌ಮಾಥಾದಲ್ಲಿ.

ಈಗ ನಿಮ್ಮ ಅಟ್ಲಾಸ್ ತೆಗೆಯಿರಿ. ಗಹಿರ್‌ಮಾಥಾ ಇರುವುದು ಬಂಗಾಳ ಕೊಲ್ಲಿಯ ದಡದಲ್ಲಿ, ಗುಹಾಗರ ಅರಬ್ಬೀ ಸಮುದ್ರದ ದಡದಲ್ಲಿ. ನಡುವೆ ಇಡೀ ದಕ್ಷಿಣ ಭಾರತ ಉಂಟು. ಆಮೆ ನಡೆದು ಬಂದಿರಲಿಕ್ಕಿಲ್ಲ! ಶ್ರೀಲಂಕಾವನ್ನು ಸುತ್ತಿ ಬಂದಿತೋ, ರಾಮೇಶ್ವರದ ಹತ್ತಿರದ ಪಾಂಬನ್ ಸಂದಿಯಲ್ಲಿ ನುಸುಳಿತೋ, ನೋಡಿದವರಿಲ್ಲ. ಲಂಕೆಯನ್ನು ಸುತ್ತಿದ್ದರೆ ಸುಮಾರು 3,500 ಕಿ.ಮೀ. ಯಾವ ದಾರಿಯಲ್ಲಿ ಬಂದರೂ ಕೇರಳ, ಕರ್ನಾಟಕ, ಗೋವಾಗಳ ಎದುರಿನ ಕಡಲನ್ನು ದಾಟಿಯೇ ಬರಬೇಕು. ಎಂದರೆ ನಮ್ಮ ಕಾಸರಗೋಡಿನ ಎದುರಿನಿಂದಲೇ ಹೋಗಿದೆ.

ಇದರ ಜಾತಿ ಆಲಿವ್ ರಿಡ್ಲೆ. ಚಿಪ್ಪು ಎರಡಡಿಗಿಂತ ಸ್ವಲ್ಪ ಉದ್ದ, ತೂಕ 35ರಿಂದ 45 ಕಿಲೋ. ಕಡಲಾಮೆಗಳಲ್ಲಿ ಇದು ಸಣ್ಣದೇ. ಬೇರೆ ಹೆಚ್ಚಿನ ಕಡಲಾಮೆಗಳು ಒಂಟಿಯಾಗಿ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಆಲಿವ್ ರಿಡ್ಲೆ ಕೆಲವು ಜಾಗಗಳಲ್ಲಿ ಮಾತ್ರ ಲಕ್ಷಗಟ್ಟಲೆ ಒಟ್ಟಿಗೇ ದಡ ಹತ್ತುತ್ತದೆ. ಇದಕ್ಕೆ 'ಅರಿಬಾಡಾ' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ಆಗಮನ' ಎಂದರ್ಥ. ಗಹಿರ್‌ಮಾಥಾ ಅಂಥ ಒಂದು ಜಾಗ. 1974ರಲ್ಲಿ ಮೊಸಳೆಗಳ ಕೆಲಸಕ್ಕೆಂದು ಆ ಕಡೆ ಹೋಗಿದ್ದ ಎಚ್. ಆರ್. ಬಸ್ಟರ್ಡ್ ಎಂಬ ವಿಜ್ಞಾನಿ ಇದನ್ನು ಹೊರಜಗತ್ತಿಗೆ ತಿಳಿಸಿದರು. 'ಕಂಡುಹಿಡಿದರು' ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ, ನನಗೆ ಆ ಮಾತು ಅಷ್ಟು ಸರಿ ಕಾಣುವುದಿಲ್ಲ. ಊರಿನವರಿಗೆ ಅದು ಮೊದಲೇ ಗೊತ್ತಿತ್ತು, ದೋಣಿಗಟ್ಟಲೆ ಮೊಟ್ಟೆ ಮಾರಾಟವೂ ಆಗುತ್ತಿತ್ತು. 1997ರಲ್ಲಿ ಗಹಿರ್‌ಮಾಥಾ ಸಾಗರ ವನ್ಯಧಾಮವಾಯಿತು. ವಿಸ್ತಾರ 1,435 ಚದರ ಕಿ.ಮೀ. ಅದರಲ್ಲಿ ನೆಲ ಬರೇ 27, ಉಳಿದದ್ದೆಲ್ಲ ನೀರು. ಬೇಲಿ ಹಾಕಲಿಕ್ಕೆ ಆಗದ ಕಾಡು ಅನ್ನಿ.

ಲಕ್ಷಗಟ್ಟಲೆ ಆಮೆಗಳನ್ನು ರಾತ್ರಿಯ ಕತ್ತಲಲ್ಲಿ ಎಣಿಸುವುದು ಹೇಗೆ? ಒಂದೊಂದಾಗಿ ಎಣಿಸುವುದಿಲ್ಲ. ದಡಕ್ಕೆ ಅಡ್ಡವಾಗಿ ಪಟ್ಟಿಗಳನ್ನು ಗುರುತು ಮಾಡಿ, ಆ ಪಟ್ಟಿಗಳೊಳಗೆ ಇರುವವನ್ನು ಮಾತ್ರ ಎಣಿಸುತ್ತಾರೆ. ನಾವೂ ಒಂದು ಲೆಕ್ಕ ಮಾಡುವ. ದಡದ ಉದ್ದ 3,000 ಮೀಟರ್ ಎಂದಿಟ್ಟುಕೊಳ್ಳಿ. ಪ್ರತಿ 100 ಮೀಟರಿಗೆ 20 ಮೀಟರ್ ಅಗಲದ ಒಂದು ಪಟ್ಟಿ. ಒಟ್ಟು 30 ಪಟ್ಟಿ, ಎಂದರೆ 600 ಮೀಟರ್, ದಡದ ಐದನೇ ಒಂದು ಭಾಗ. ಒಂದು ಸುತ್ತಿನಲ್ಲಿ ಪಟ್ಟಿಗಳಲ್ಲಿ 900 ಆಮೆ ಸಿಕ್ಕಿದರೆ ಇಡೀ ದಡದಲ್ಲಿ ಆಗ 4,500 ಇರಬೇಕು. ಒಂದು ಆಮೆ ದಡ ಹತ್ತಿ, ಗುಂಡಿ ತೋಡಿ, ಮೊಟ್ಟೆ ಇಟ್ಟು, ಮುಚ್ಚಿ, ವಾಪಸು ಹೋಗಲು ಸುಮಾರು ಒಂದು ಗಂಟೆ ಬೇಕು. ಹಾಗಾಗಿ ಗಂಟೆಗೊಮ್ಮೆ ಎಣಿಸಿದರೆ ಅದೇ ಆಮೆ ಎರಡನೇ ಸಲ ಲೆಕ್ಕಕ್ಕೆ ಬರುವುದು ಕಡಿಮೆ. ಐದು ಸುತ್ತಿನಲ್ಲೂ ಅಷ್ಟೇ ಸಿಕ್ಕಿದರೆ ಆ ರಾತ್ರಿಯ ಲೆಕ್ಕ 22,500. ವಿಜ್ಞಾನಿಗಳ ಸೂತ್ರ ಇದಕ್ಕಿಂತ ಸ್ವಲ್ಪ ಬಿಗಿ, ಆದರೆ ಒಳಗಿನ ಯೋಚನೆ ಇದೇ. ಒಡಿಶಾದ ಇನ್ನೊಂದು ದಡ ಋಷಿಕುಲ್ಯಾದಲ್ಲಿ 2025ರಲ್ಲಿ ಸುಮಾರು 7 ಲಕ್ಷ ಎಂದು ಹೇಳಿದ್ದು ಹೀಗೆ ಅಂದಾಜು ಮಾಡಿಯೇ.

ಮೊಟ್ಟೆ ಇಡುವಾಗ ಆಮೆಯ ಕಣ್ಣಿನಿಂದ ನೀರು ಸುರಿಯುತ್ತದೆ. ಹೆರಿಗೆಯ ನೋವಿಗೆ ಅಳುತ್ತದೆ ಎಂದು ಜನ ಹೇಳುವುದುಂಟು. ಅದು ಅಳುವಲ್ಲ. ಕಡಲ ನೀರಿನೊಟ್ಟಿಗೆ ಹೊಟ್ಟೆಗೆ ಹೋದ ಹೆಚ್ಚಿನ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಗಳು ಹೊರಗೆ ಹಾಕುತ್ತವೆ. ನೀರಿನೊಳಗೂ ಅದು ನಡೆಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಇನ್ನೊಂದು ಸಂಗತಿ: ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮನುಷ್ಯರಲ್ಲಿ ಇರುವಂಥ ಎಕ್ಸ್-ವೈ ವರ್ಣತಂತು ಅಲ್ಲ, ಹೊಯಿಗೆಯ ಬಿಸಿ. ಬಿಸಿ ಜಾಸ್ತಿ ಇದ್ದರೆ ಹೆಣ್ಣು ಹೆಚ್ಚು, ತಂಪಿದ್ದರೆ ಗಂಡು ಹೆಚ್ಚು. ಭೂಮಿ ಬಿಸಿಯಾಗುತ್ತಾ ಹೋದರೆ ಏನಾದೀತು, ನೀವೇ ಯೋಚಿಸಿ.

ಇನ್ನು ಕಷ್ಟದ ವಿಷಯ. ಆಮೆಗೆ ಕಿವಿರು ಇಲ್ಲ, ಶ್ವಾಸಕೋಶ ಇರುವುದು. ಉಸಿರಿಗೆ ಮೇಲೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿಬಿದ್ದರೆ ಮುಳುಗಿ ಸಾಯುತ್ತದೆ. ಒಡಿಶಾದ ದಡದಲ್ಲಿ ವರ್ಷ ವರ್ಷವೂ ಸತ್ತ ಆಮೆಗಳು ಬಂದು ಬೀಳುತ್ತವೆ. ಅದಕ್ಕೆ ಅಲ್ಲಿ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳ ಎದುರು ನವೆಂಬರ್ 1ರಿಂದ ಮೇ 31ರವರೆಗೆ, ದಡದಿಂದ 20 ಕಿ.ಮೀ. ವರೆಗೆ ಮೀನುಗಾರಿಕೆಗೆ ನಿಷೇಧ. ಏಳು ತಿಂಗಳು! ನಿಮ್ಮಲ್ಲಿ ಯಾರ ಅಪ್ಪನಾದರೂ ಬೋಟಿಗೆ ಹೋಗುವವರಾದರೆ ಏಳು ತಿಂಗಳು ಎಂದರೇನು ಎಂದು ನಾನು ಹೇಳಬೇಕಿಲ್ಲ. ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಅದು ದುಡಿಮೆಗೆ ಸಮ ಅಲ್ಲ. ಆಮೆಯನ್ನು ಉಳಿಸಿದ ಹೊಗಳಿಕೆ ಎಲ್ಲರಿಗೂ, ಖರ್ಚು ಮಾತ್ರ ಮೀನುಗಾರರಿಗೆ ಎಂದಾದರೆ ಅದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ನಡುದಾರಿ ಒಂದು ಉಂಟು. ಬಲೆಯ ಒಳಗೆ ಓರೆಯಾಗಿ ಕಂಬಿಗಳ ಚೌಕಟ್ಟು ಇಡುವುದು. ಸಿಗಡಿ, ಮೀನು ಕಂಬಿಗಳ ಸಂದಿಯಿಂದ ಹಿಂದಕ್ಕೆ ಹೋಗುತ್ತವೆ, ಆಮೆ ಕಂಬಿಗೆ ತಾಗಿ, ಅಲ್ಲೇ ಇರುವ ಕಿಂಡಿಯಿಂದ ಹೊರಗೆ ಜಾರುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ನಮ್ಮ ಬೋಟುಗಳಿಗೆ ಹೊಂದುವ ಹಾಗೆ ಇದನ್ನು ಮಾಡಿದ್ದಾರೆ. ಕಿಂಡಿಯಿಂದ ಮೀನೂ ಹೋಗುತ್ತದೆ ಎಂದು ಬೋಟಿನವರ ತಕರಾರು. ಸ್ವಲ್ಪ ಹೋಗುವುದು ನಿಜ. ಆದರೆ ಇದನ್ನು ಹಾಕದ್ದಕ್ಕೆ ಅಮೆರಿಕ 2019ರಿಂದ ನಮ್ಮ ಕಡಲಲ್ಲಿ ಹಿಡಿದ ಸಿಗಡಿ ಕೊಳ್ಳುವುದನ್ನೇ ನಿಲ್ಲಿಸಿತು. ಅದರ ಬಿಸಿ ಕೇರಳದ ಬೋಟುಗಳಿಗೂ ತಾಗಿತು.

ಗುಹಾಗರದ ಆಮೆಯ ಕತೆಗೆ ಒಂದು ಜೋಡಿ ಕತೆ ಉಂಟು. 2023ರಲ್ಲಿ ಅದೇ ಗುಹಾಗರದಲ್ಲಿ ಬಾಗೇಶ್ರೀ ಎಂದು ಹೆಸರಿಟ್ಟ ಆಮೆಯ ಬೆನ್ನಿಗೆ ಉಪಗ್ರಹ ಸಾಧನ ಅಂಟಿಸಿ ಬಿಟ್ಟಿದ್ದರು. ಅದು ಕರ್ನಾಟಕ, ಕೇರಳ ದಾಟಿ, ಶ್ರೀಲಂಕಾ ಕಡೆಗೆ ಹೋಗಿ ಬಂಗಾಳ ಕೊಲ್ಲಿ ಸೇರಿತು. ಒಂದು ಆಮೆ ಆಚೆಯಿಂದ ಈಚೆಗೆ, ಇನ್ನೊಂದು ಈಚೆಯಿಂದ ಆಚೆಗೆ. ಎರಡು ದಡದ ಆಮೆಗಳು ಒಂದೇ ಬಳಗವೋ ಎಂದು ಈಗ ಹೊಸದಾಗಿ ಕೇಳಬೇಕಾಗಿದೆ. ಎರಡೇ ಆಮೆಗಳಿಂದ ಉತ್ತರ ಹೇಳಲಿಕ್ಕಾಗದು, ಇನ್ನಷ್ಟು ಬಿಲ್ಲೆಗಳು ಸಿಗಬೇಕು.

ಬಿಲ್ಲೆ ನಿಮಗೂ ಸಿಗಬಹುದು. ನೀಲೇಶ್ವರದ ತೈಕಡಪ್ಪುರದ ದಡಕ್ಕೆ, ಗೋವಾದ ಮೊರ್ಜಿ, ಗಾಲ್ಜಿಬಾಗಕ್ಕೆ ಆಲಿವ್ ರಿಡ್ಲೆ ಮೊಟ್ಟೆ ಇಡಲು ಬರುತ್ತದೆ. ಕಂಡರೆ ಟಾರ್ಚು ಬಿಡಬೇಡಿ, ಹತ್ತಿರ ಗದ್ದಲ ಮಾಡಬೇಡಿ. ಮೊಟ್ಟೆ ಮುಚ್ಚಿ ಕಡಲಿಗೆ ತಿರುಗುವಾಗ ದೊಡ್ಡವರೊಟ್ಟಿಗೆ ಮುಂಗಾಲುಗಳನ್ನು ನೋಡಿ. ಬಿಲ್ಲೆ ಇದ್ದರೆ ಕೀಳಬೇಡಿ. ಸಂಖ್ಯೆ, ದಿನಾಂಕ, ಜಾಗ ಈ ಮೂರನ್ನು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯಾದರೆ ಆ ಸೊನ್ನೆಯನ್ನೂ ಬರೆಯಿರಿ.