ತಿಪ್ಪೆ ಕಾಯ್ದ ಊರು

1850ರ ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಗಿನ ಆರ್ಕ್ನಿ ದ್ವೀಪಗಳ ಮೇಲೆ ಭಾರಿ ಬಿರುಗಾಳಿ ಬೀಸಿತು. ಕಡಲ ದಂಡೆಯ ಒಂದು ಮರಳುದಿಬ್ಬದ ಹುಲ್ಲಿನ ಹೊದಿಕೆಯನ್ನೇ ಅದು ಕಿತ್ತೊಯ್ದಿತು. ಗಾಳಿ ಅಡಗಿದ ಮೇಲೆ ನೋಡಿದರೆ ದಿಬ್ಬದೊಳಗಿಂದ ಕಲ್ಲಿನ ಗೋಡೆಗಳು ಇಣುಕುತ್ತಿದ್ದವು. ಐದು ಸಾವಿರ ವರ್ಷಗಳ ಹಿಂದೆ ಜನ ಅಡುಗೆ ಮಾಡಿ, ಉಂಡು, ಮಲಗಿದ್ದ ಮನೆಗಳವು. ಊರಿನ ಹೆಸರು ಸ್ಕಾರಾ ಬ್ರೇ. ಅಲ್ಲಿನ ಮೊದಲ ಜನ ತಮ್ಮ ಊರಿಗೆ ಏನೆಂದು ಹೆಸರಿಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ಅವರಿಗೆ ಬರವಣಿಗೆ ಇರಲಿಲ್ಲ, ಲೋಹವೂ ಇರಲಿಲ್ಲ.

ಮಗ ಸೊಸೆ ಅಬರ್ಡೀನ್ ಪಟ್ಟಣದಲ್ಲಿದ್ದಾರೆ. ಕಳೆದ ಜೂನ್‌ನಲ್ಲಿ ನಾನು ಅಲ್ಲಿಗೆ ಹೋದಾಗ, ಹತ್ತು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲಿ ಸ್ಕಾರಾ ಬ್ರೇ ಪಾಠವಾಗಿತ್ತು. ‘ಅಜ್ಜೀನ್ನೂ ಕರ್ಕೊಂಡು ಹೋಗೋಣ’ ಅಂತ ಅವಳೇ ಹಟ ಹಿಡಿದಳು. ಸಂಜೆ ಹಡಗು ಹತ್ತಿ ರಾತ್ರಿ ಕರ್ಕ್‌ವಾಲ್ ಎಂಬ ಊರಲ್ಲಿ ಇಳಿದೆವು. ರಾತ್ರಿ ಹನ್ನೊಂದಾದರೂ ಆಕಾಶ ಪೂರ್ತಿ ಕಪ್ಪಾಗಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತು ಗಂಟೆಯ ಮೇಲೆ.

ಮರುದಿನ ಬೆಳಿಗ್ಗೆ ಸಣ್ಣ ವ್ಯಾನು ಬಂತು. ನಾವು ನಾಲ್ವರು, ಇನ್ನೂ ನಾಲ್ವರು ಪ್ರವಾಸಿಗರು, ಜೊತೆಗೆ ವ್ಯಾನು ಓಡಿಸುತ್ತಲೇ ಕಥೆ ಹೇಳುವ ಮಾರ್ಗದರ್ಶಿ. ಐವತ್ತು ದಾಟಿದ ಹೆಂಗಸು, ಅಲ್ಲೇ ಹುಟ್ಟಿ ಬೆಳೆದವರು. ದೊಡ್ಡ ಬಸ್ಸಿನಲ್ಲಿ ಐವತ್ತು ಜನರ ಹಿಂದೆ ಓಡುವುದಕ್ಕಿಂತ ನನ್ನ ವಯಸ್ಸಿನವರಿಗೆ ಇದೇ ಅನುಕೂಲ. ಮೊಣಕಾಲು ನೋಯುತ್ತದೆ ಅಂದರೆ ಕಾಯುತ್ತಾರೆ. ಮಗುವಿನ ಪ್ರಶ್ನೆಗೆ ವ್ಯಾನು ನಿಲ್ಲಿಸಿ ಉತ್ತರ ಹೇಳುತ್ತಾರೆ.

ಆರ್ಕ್ನಿ ಅಂದರೆ ಸುಮಾರು ಎಪ್ಪತ್ತು ದ್ವೀಪಗಳ ಗುಂಪು. ಜನ ಇರುವುದು ಇಪ್ಪತ್ತರಲ್ಲಿ ಮಾತ್ರ. ಎಲ್ಲಿ ನೋಡಿದರೂ ಹಸಿರು ಹುಲ್ಲು, ದನ, ಕುರಿ. ಮರಗಳು ಮಾತ್ರ ಅಪರೂಪ, ಗಾಳಿ ಅವನ್ನು ಬೆಳೆಯಗೊಡುವುದಿಲ್ಲ. ಮರ ಕಡಿಮೆಯಾದ್ದರಿಂದಲೇ ಹಳೆಯ ಜನ ಕಲ್ಲಿಗೆ ಕೈ ಹಾಕಿದರು. ಅದೂ ಎಂಥ ಕಲ್ಲು! ನಮ್ಮ ಶಹಾಬಾದ್ ಕಲ್ಲಿನ ಹಾಗೆ ಪದರ ಪದರವಾಗಿ, ಹಲಗೆಯಂತೆ ಬಿಡಿಸಿಕೊಂಡು ಬರುತ್ತದೆ. ಕಬ್ಬಿಣದ ಉಳಿ ಇಲ್ಲದೆಯೂ ಕೆಲಸ ಸಾಗುತ್ತದೆ.

ಮೊದಲು ಕಂಡದ್ದು ಸ್ಟೆನ್ನೆಸ್ ಎಂಬಲ್ಲಿ ಎದ್ದು ನಿಂತ ಕಲ್ಲುಗಳು. ಒಂದು ಕಾಲಕ್ಕೆ ವೃತ್ತವಾಗಿದ್ದವಂತೆ, ಈಗ ನಾಲ್ಕೇ ಉಳಿದಿವೆ. ಎತ್ತರದ್ದು ಆರು ಮೀಟರ್‌ನಷ್ಟಿದೆ, ಎರಡು ಅಂತಸ್ತಿನ ಮನೆ ಅನ್ನಿ. ಅವುಗಳ ನಡುವೆ ಕುರಿಗಳು ಆರಾಮಾಗಿ ಮೇಯುತ್ತಿದ್ದವು.

ಇವುಗಳ ಹತ್ತಿರವೇ ಓಡಿನ್ ಕಲ್ಲು ಎಂಬ ಇನ್ನೊಂದಿತ್ತು. ಅದರ ನಡುವೆ ಒಂದು ತೂತು. ಪ್ರೀತಿಸಿದ ಹುಡುಗ ಹುಡುಗಿ ಆಚೆ ಈಚೆ ನಿಂತು, ಆ ತೂತಿನಲ್ಲಿ ಕೈ ಕೈ ಹಿಡಿದು ಆಣೆ ಮಾಡಿದರೆ ಅದನ್ನು ಮುರಿಯುವಂತಿರಲಿಲ್ಲ. ಕೂಸನ್ನು ಆ ತೂತಿನಲ್ಲಿ ದಾಟಿಸಿದರೆ ಮುಂದೆ ಕೈಕಾಲು ನಡುಗುವ ರೋಗ ಬರುವುದಿಲ್ಲ ಅಂತಲೂ ನಂಬಿಕೆ. 1814ರ ಡಿಸೆಂಬರ್‌ನಲ್ಲಿ ಆ ಹೊಲವನ್ನು ಗೇಣಿಗೆ ಹಿಡಿದಿದ್ದ ಒಬ್ಬ, ತನ್ನ ಹೊಲದಲ್ಲಿ ಜನ ಓಡಾಡುವುದು ತೊಂದರೆ ಎಂದು ಕಲ್ಲುಗಳನ್ನು ಕೆಡವಲು ಹೊರಟ. ಒಂದನ್ನು ಉರುಳಿಸಿದ, ಓಡಿನ್ ಕಲ್ಲನ್ನು ಒಡೆದು ಚೂರು ಮಾಡಿದ. ಊರವರು ಸಿಟ್ಟಿಗೆದ್ದು ಅವನ ಮನೆಗೆ ಬೆಂಕಿ ಇಡಲು ಹೊರಟರು ಎನ್ನುತ್ತಾರೆ. ಉರುಳಿದ ಕಲ್ಲನ್ನು 1906ರಲ್ಲಿ ಮತ್ತೆ ನಿಲ್ಲಿಸಿದರು. ಓಡಿನ್ ಕಲ್ಲು ಮಾತ್ರ ಹೋಗೇ ಹೋಯಿತು.

ತೂತಿನ ಕಲ್ಲು ಅಂದ ಕೂಡಲೇ ನನಗೆ ನಮ್ಮ ಹಿರೇಬೆಣಕಲ್ ಕಣ್ಣೆದುರು ಬಂತು. ನನ್ನ ತವರು ಗಂಗಾವತಿ ಕಡೆ. ಹಿರೇಬೆಣಕಲ್ ಬೆಟ್ಟದ ಮೇಲೆ ಚಪ್ಪಡಿ ಕಲ್ಲಿನ ಗೋರಿಮನೆಗಳು ನೂರಾರು ಇವೆ, ಕೆಲವಕ್ಕೆ ಗುಂಡನೆಯ ಕಿಂಡಿ ಕೊರೆದಿದ್ದಾರೆ. ಮೋರ್ಯರು ಎಂಬ ಕುಳ್ಳ ಜನ ಕಟ್ಟಿದ್ದು ಅಂತ ನಮ್ಮ ಕಡೆ ಹೇಳುತ್ತಾರೆ. ಆರ್ಕ್ನಿಯವರದು ಉಲ್ಟಾ. ಅಲ್ಲಿನ ಕಥೆಗಳಲ್ಲಿ ದೊಡ್ಡ ಕಲ್ಲುಗಳೆಲ್ಲ ಕಲ್ಲಾದ ರಾಕ್ಷಸರು. ರೌಸೆ ಎಂಬ ದ್ವೀಪದ ಒಂದು ಕಲ್ಲು ಹೊಸ ವರ್ಷದ ಹಿಂದಿನ ರಾತ್ರಿ ಎದ್ದು ಕೆರೆಗೆ ಹೋಗಿ ನೀರು ಕುಡಿದು ಬರುತ್ತದಂತೆ! ವಯಸ್ಸಿನಲ್ಲಿ ಮಾತ್ರ ಅವರ ಕಲ್ಲುಗಳೇ ಹಿರಿಯರು. ನಮ್ಮ ಹಿರೇಬೆಣಕಲ್ ಕಬ್ಬಿಣ ಬಂದ ಮೇಲಿನದು, ಎರಡು ಸಾವಿರಕ್ಕಿಂತ ಹೆಚ್ಚು ವರ್ಷ ಹಳೆಯದು. ಇವು ಅದರ ದುಪ್ಪಟ್ಟು ಹಳೆಯವು.

ಬ್ರಾಡ್ಗರ್ ಕಲ್ಲಿನ ವೃತ್ತಕ್ಕೆ ಹೋಗುವಾಗ ಗಾಳಿ ನನ್ನ ಶಾಲನ್ನು ಎರಡು ಸಲ ಹಾರಿಸಿತು. ವೃತ್ತದ ಅಡ್ಡಳತೆ 104 ಮೀಟರ್. ಮೊದಲು ಅರವತ್ತು ಕಲ್ಲುಗಳಿದ್ದಿರಬೇಕು ಅನ್ನುತ್ತಾರೆ. ಸುತ್ತಲೂ ಬಂಡೆಯನ್ನೇ ಕೊರೆದು ತೋಡಿದ ಕಂದಕ. ಹತ್ತಿರದಲ್ಲೇ ಎರಡು ಕೆರೆಗಳ ನಡುವಿನ ಹೊಲದಲ್ಲಿ 2003ರಲ್ಲಿ ನೇಗಿಲಿಗೆ ಒಂದು ಚಪ್ಪಡಿ ಸಿಕ್ಕಿ, ಅಗೆದಾಗ ದೊಡ್ಡ ದೊಡ್ಡ ಕಟ್ಟಡಗಳೇ ಬಂದವಂತೆ. ಇಪ್ಪತ್ತು ವರ್ಷ ಬೇಸಿಗೆಗೊಮ್ಮೆ ಅಗೆದು, 2024ರಲ್ಲಿ ಎಲ್ಲವನ್ನೂ ಮತ್ತೆ ಮಣ್ಣಿನಿಂದ ಮುಚ್ಚಿದ್ದಾರೆ. ನಮಗೆ ಕಂಡದ್ದು ಬರೀ ಹುಲ್ಲು.

‘ಅಷ್ಟು ಕಷ್ಟಪಟ್ಟು ತೆಗೆದು ಮತ್ತೆ ಯಾಕೆ ಮುಚ್ಚಿದ್ರು?’ ಎಂದಳು ಮೊಮ್ಮಗಳು. ಗಾಳಿ ಮಳೆಗೆ ಬಿಟ್ಟರೆ ಆ ಕಲ್ಲು ಪದರ ಬಿಚ್ಚಿ ಉದುರುತ್ತದೆ, ಮಣ್ಣಿನಡಿಯಲ್ಲಿದ್ದರೆ ಕ್ಷೇಮ ಎಂದರು ಮಾರ್ಗದರ್ಶಿ. ಅವಳಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ.

ಮೇಸ್ ಹೌ ದೂರದಿಂದ ಹುಲ್ಲು ಹೊದ್ದ ಗುಡ್ಡೆಯಷ್ಟೆ. ಒಳಗಿರುವುದು ಐದು ಸಾವಿರ ವರ್ಷ ಹಳೆಯ ಕಲ್ಲಿನ ಸಮಾಧಿ. ಅಲ್ಲಿಗೆ ಹೊರಗಿನ ಗೈಡುಗಳನ್ನು ಬಿಡುವುದಿಲ್ಲ, ಅಲ್ಲಿಯವರೇ ಸಣ್ಣ ಗುಂಪು ಮಾಡಿ ಕರೆದೊಯ್ಯುತ್ತಾರೆ. ಹತ್ತು ಮೀಟರ್ ಉದ್ದದ ದಾರಿಯಲ್ಲಿ ಸೊಂಟ ಬಗ್ಗಿಸಿಯೇ ನಡೆಯಬೇಕು. ಸೊಂಟ ನೋವಿನ ಅಜ್ಜ ಅಜ್ಜಿಯರು ಹೊರಗೇ ಕೂತರೆ ಒಳ್ಳೆಯದು. ನಾನು ಹಟಕ್ಕೆ ಬಿದ್ದು ಒಳಗೆ ಹೋದೆ.

ಚಳಿಗಾಲದ ಅತಿ ಚಿಕ್ಕ ಹಗಲುಗಳಲ್ಲಿ, ಮುಳುಗುವ ಸೂರ್ಯನ ಬೆಳಕು ಈ ದಾರಿಯಲ್ಲಿ ನೇರ ಒಳಬಂದು ಹಿಂದಿನ ಗೋಡೆಗೆ ಬೀಳುತ್ತದೆ. ಮಕರ ಸಂಕ್ರಾಂತಿಗೆ ಗವಿಗಂಗಾಧರೇಶ್ವರನ ಗುಡಿಯಲ್ಲಿ ಬೆಳಕು ಬೀಳುವುದನ್ನು ಟಿವಿಯಲ್ಲಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ವೈಕಿಂಗ್ ವಂಶದ ಜನ ಇದರೊಳಗೆ ನುಗ್ಗಿ ಗೋಡೆ ತುಂಬಾ ಕೆತ್ತಿ ಹೋಗಿದ್ದಾರೆ. ಏನು ಬರೆದಿದ್ದಾರೆ ಅಂತೀರಿ? ಇಂಥವನು ಕೆತ್ತಿದ್ದು, ಇಂಥವಳು ಬಲು ಚೆಲುವೆ, ನಾನು ಎಲ್ಲರಿಗಿಂತ ಎತ್ತರದಲ್ಲಿ ಬರೆದೆ, ಇಷ್ಟೇ! ಹಂಪಿಯ ಕಂಬಗಳ ಮೇಲೆ ಹೆಸರು ಗೀಚುವವರಿಗೆ ಬೈಯುವ ನಾನು ಇಲ್ಲಿ ಟಿಕೆಟ್ ಕೊಟ್ಟು ಅದನ್ನೇ ನೋಡಿ ಬಂದೆ.

ಊಟದ ನಂತರ ಪಶ್ಚಿಮ ಕರಾವಳಿ. ಯೆಸ್ನಬಿಯ ಕಡಿದಾದ ಬಂಡೆಗಳ ಮೇಲೆ ನಿಂತರೆ ಕೆಳಗೆ ಅಟ್ಲಾಂಟಿಕ್ ಸಾಗರ ಗುಡುಗುತ್ತದೆ. ಅಲೆಗಳು ಕೊರೆದು ಒಂಟಿಯಾಗಿ ಉಳಿಸಿದ ಕಲ್ಲಿನ ಕಂಬವೊಂದು ಎರಡು ಕಾಲೂರಿ ನೀರಲ್ಲಿ ನಿಂತಿತ್ತು. ‘ಒಂದು ದಿನ ಅದೂ ಬೀಳುತ್ತೆ’ ಎಂದರು ಮಾರ್ಗದರ್ಶಿ, ನಾಳೆ ಮಳೆ ಬರುತ್ತೆ ಅನ್ನುವಷ್ಟು ಸಹಜವಾಗಿ.

ಕೊನೆಗೆ ಸ್ಕಾರಾ ಬ್ರೇ. ಟಿಕೆಟ್ ಕಟ್ಟಡದಿಂದ ಊರಿನವರೆಗಿನ ಕಾಲುದಾರಿಯಲ್ಲಿ ಒಂದೊಂದು ಕಾಲದ ಘಟನೆಗೆ ಒಂದೊಂದು ಕಲ್ಲು ನೆಟ್ಟಿದ್ದಾರೆ. ನಡೆದಂತೆ ಹಿಂದಿನ ಕಾಲಕ್ಕೆ ಹೋಗುತ್ತೇವೆ. ಅಲ್ಲಿಲ್ಲದ ನಮ್ಮ ಕಲ್ಲುಗಳನ್ನು ನಾನು ಮೊಮ್ಮಗಳಿಗೆ ಹೇಳುತ್ತಾ ಹೋದೆ. ಇಲ್ಲಿ 1336, ವಿಜಯನಗರ. ಇಲ್ಲಿ ಬಾದಾಮಿಯ ಪುಲಕೇಶಿ. ಇಲ್ಲಿ ಕೊಪ್ಪಳದ ಗವಿಮಠದ ಅಶೋಕನ ಶಾಸನ. ಇಲ್ಲಿ ಹಿರೇಬೆಣಕಲ್. ನನ್ನ ಪಟ್ಟಿ ಮುಗಿದರೂ ದಾರಿ ಮುಗಿಯಲಿಲ್ಲ. ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ಡನ್ನೂ ದಾಟಿ ಹೋಗಬೇಕು, ಕ್ರಿ.ಪೂ. 3180ರ ಸುಮಾರಿಗೆ.

ಮನೆಗಳ ಒಳಗೆ ಇಳಿಯಲು ಬಿಡುವುದಿಲ್ಲ. ಗೋಡೆಗಳ ಮೇಲಿನ ದಾರಿಯಲ್ಲಿ ನಡೆಯುತ್ತ, ಛಾವಣಿಯಿಲ್ಲದ ಮನೆಗಳನ್ನು ಮೇಲಿಂದ ಇಣುಕಿ ನೋಡಬೇಕು. ಒಟ್ಟು ಎಂಟು ಮನೆಗಳು ಉಳಿದಿವೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ನಮೂನೆ. ನಡುವೆ ಚೌಕದ ಒಲೆ. ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಮಂಚ, ಬಲಗಡೆಯದು ಸಾಮಾನ್ಯವಾಗಿ ದೊಡ್ಡದು. ಬಾಗಿಲಿಗೆ ಎದುರಾಗಿ ಎರಡು ಅಂತಸ್ತಿನ ಕಲ್ಲಿನ ಕಪಾಟು. ಒಳಬಂದವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ನಮ್ಮಮ್ಮ ನಾಗಂದಿಗೆಯ ಮೇಲೆ ಹಿತ್ತಾಳೆ ಪಾತ್ರೆಗಳನ್ನು ತಿಕ್ಕಿ ಸಾಲಾಗಿ ಜೋಡಿಸುತ್ತಿದ್ದಳು, ಬಂದವರಿಗೆ ಕಾಣಲಿ ಅಂತ. ಆ ಹೆಂಗಸರೂ ಅದನ್ನೇ ಮಾಡಿರಬೇಕು ಅಂತ ನನಗನ್ನಿಸಿತು. ಗೋಡೆಯಲ್ಲಿ ಸಣ್ಣ ಗೂಡುಗಳು. ನೆಲದಲ್ಲಿ ಜೇಡಿಮಣ್ಣಿನಿಂದ ಸಂದಿ ಮುಚ್ಚಿದ ಕಲ್ಲಿನ ತೊಟ್ಟಿಗಳು. ಬಾಗಿಲಿಗೆ ಅಗಳಿ ಹಾಕಲು ಎರಡೂ ಕಡೆ ತೂತು. ಗೋಡೆಯೊಳಗಿನ ಪುಟ್ಟ ಕೋಣೆಯಿಂದ ಹೊರಡುವ ಚರಂಡಿಯನ್ನು ತೋರಿಸಿ, ಇದು ಕಕ್ಕಸು ಆಗಿದ್ದಿರಬೇಕು ಎಂದಾಗ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಇದೆಲ್ಲ ಇಷ್ಟು ಚೆನ್ನಾಗಿ ಉಳಿದದ್ದು ಹೇಗೆ? ತಿಪ್ಪೆಯಿಂದ! ಬೂದಿ, ಚಿಪ್ಪು, ಮೂಳೆ, ಮನೆಯ ಕಸವೆಲ್ಲ ಕೊಳೆತು ಗಟ್ಟಿಯಾದ ತಿಪ್ಪೆಯನ್ನು ಆ ಜನ ಗೋಡೆಗಳ ಸುತ್ತ ತುಂಬಿದ್ದರು. ಗಾಳಿಗೂ ಅಡ್ಡ, ಚಳಿಗೂ ಅಡ್ಡ. ಮನೆಯಿಂದ ಮನೆಗೆ ಹೋಗುವ ದಾರಿಗಳೂ ತಿಪ್ಪೆಯೊಳಗಿನ ಸುರಂಗಗಳೇ. ಊರು ಖಾಲಿಯಾದ ಮೇಲೆ ಮರಳು ಬಂದು ಮುಚ್ಚಿತು. ಒಳಗೆ ತಿಪ್ಪೆ ಹಿಡಿದುಕೊಂಡಿತು, ಮೇಲೆ ಮರಳು ಹೊದಿಸಿತು. 1928ರಿಂದ 1930ರವರೆಗೆ ಇಲ್ಲಿ ಅಗೆಸಿದ ವಿದ್ವಾಂಸ ಗಾರ್ಡನ್ ಚೈಲ್ಡ್‌ಗೆ ಒಂದು ಬಾಗಿಲ ಬಳಿ ಚೆಲ್ಲಿದ ಮಣಿಗಳು ಸಿಕ್ಕವು. ಬಿರುಗಾಳಿಗೆ ಹೆದರಿ ಓಡುವ ಅವಸರದಲ್ಲಿ ಒಬ್ಬಾಕೆಯ ಸರ ಹರಿದಿರಬೇಕು ಎಂದು ಆತ ಊಹಿಸಿದ. ಇಲ್ಲ, ಜನ ಸಾವಕಾಶವಾಗಿಯೇ ಊರು ಬಿಟ್ಟರು ಅನ್ನುವುದು ಈಗಿನವರ ಅಭಿಪ್ರಾಯ. ನನಗೇನೋ ಸರ ಹರಿದ ಹೆಂಗಸೇ ಇಷ್ಟ.

ಇಲ್ಲಿ ಸಿಕ್ಕ ತಿಮಿಂಗಿಲದ ಮೂಳೆಯ ಪುಟ್ಟ ಗೊಂಬೆಯೊಂದು ಬಹುಕಾಲ ಕಾಣೆಯಾಗಿ, 2016ರಲ್ಲಿ ಸ್ಟ್ರೋಮ್ನೆಸ್ ಊರಿನ ವಸ್ತುಸಂಗ್ರಹಾಲಯದ ಡಬ್ಬವೊಂದರಲ್ಲಿ ಸಿಕ್ಕಿತಂತೆ. ಎರಡು ಕಣ್ಣು, ಒಂದು ಬಾಯಿ, ಗೇಣಿಗಿಂತಲೂ ಚಿಕ್ಕದು. ಮಕ್ಕಳೇ, ಹಳೆಯ ಡಬ್ಬ ಎಸೆಯುವ ಮುಂಚೆ ಒಮ್ಮೆ ತೆರೆದು ನೋಡಿ.

ಊರು ಕಟ್ಟಿದಾಗ ಕಡಲು ಇಷ್ಟು ಹತ್ತಿರ ಇರಲಿಲ್ಲ. ನಡುವಿನ ನೆಲವನ್ನೆಲ್ಲ ತಿನ್ನುತ್ತ ಬಂದು ಈಗ ಬಾಗಿಲಿಗೇ ಬಂದಿದೆ. 1920ರ ದಶಕದ ಇನ್ನೊಂದು ಬಿರುಗಾಳಿ ಮನೆಗಳಿಗೆ ಹಾನಿ ಮಾಡಿದ ಮೇಲೆ ತಡೆಗೋಡೆ ಕಟ್ಟಿದರು. ಗೋಡೆಯ ಹಿಂದೆ ಊರು ಉಳಿದಿದೆ. ಆದರೆ ಗೋಡೆಯ ಎರಡೂ ಪಕ್ಕದಲ್ಲಿ ಅಲೆ ದಂಡೆಯನ್ನು ಕಚ್ಚುತ್ತಲೇ ಇದೆ. ಕಡಲಿನ ಮಟ್ಟ ಏರುತ್ತಿದೆ, ಬಿರುಗಾಳಿಗಳ ಹೊಡೆತ ಹೆಚ್ಚುತ್ತದೆಂಬ ಭಯವಿದೆ. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಜಾಗಗಳಿಗೆ ಹವಾಮಾನ ಬದಲಾವಣೆಯಿಂದ ದೊಡ್ಡ ಅಪಾಯವಿದೆ ಎಂದು 2019ರಲ್ಲಿ ತಜ್ಞರೂ ಹೇಳಿದ್ದಾರೆ.

‘ನಾನು ಅಜ್ಜಿ ಆದಾಗ ಇದು ಇರುತ್ತಾ?’ ಮೊಮ್ಮಗಳು ನನ್ನನ್ನು ಕನ್ನಡದಲ್ಲಿ ಕೇಳಿದಳು. ಆಮೇಲೆ ಮಾರ್ಗದರ್ಶಿಯನ್ನೂ ಇಂಗ್ಲಿಷಿನಲ್ಲಿ ಕೇಳಿದಳು. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ‘ಬಾ ತೋರಿಸ್ತೀನಿ’ ಎಂದು ನಮ್ಮನ್ನು ಕೆಳಗೆ ಮರಳಿಗೆ ಕರೆದೊಯ್ದರು.

ತಡೆಗೋಡೆ ಮುಗಿಯುವಲ್ಲಿಂದ ಸ್ವಲ್ಪ ಮುಂದೆ, ಕುಸಿದ ದಂಡೆಯ ಮಣ್ಣಿನಲ್ಲಿ ಒಂದು ಕಪ್ಪು ಗೆರೆ ಇತ್ತು. ಗೆರೆಯ ತುಂಬ ಚಿಪ್ಪುಗಳು. ಮೊಮ್ಮಗಳು ಕೈ ಚಾಚಿದಳು, ಮಾರ್ಗದರ್ಶಿ ಮೆಲ್ಲಗೆ ತಡೆದರು. ಕೀಳಬಾರದು. ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಗುರುತು ಮಾಡಿಕೊಂಡು ಪುರಾತತ್ವದವರಿಗೆ ಹೇಳಬೇಕು. ದಂಡೆಯಲ್ಲಿ ನಡೆಯುವ ಊರವರು ಹೀಗೆ ಕಣ್ಣಿಟ್ಟು ನೋಡುತ್ತಿರಬೇಕು, ಮುಂದಿನ ಚಳಿಗಾಲಕ್ಕೆ ಇದು ಇಲ್ಲಿರುತ್ತದೆ ಅನ್ನುವಂತಿಲ್ಲ ಎಂದರು.

‘ಹಾಗಾದ್ರೆ ಇದೂ ತಿಪ್ಪೆಯೇನಾ?’ ಎಂದಳು ಅವಳು.

ಇರಬಹುದು ಎಂದು ಮಾರ್ಗದರ್ಶಿ ಮೊಬೈಲು ತೆಗೆದರು. ಫೋಟೊದಲ್ಲಿ ಅಳತೆ ತಿಳಿಯಲು ಪಕ್ಕದಲ್ಲಿ ಏನಾದರೂ ಇಡಬೇಕಲ್ಲ? ಮೊಮ್ಮಗಳು ಚೀಲದಿಂದ ತನ್ನ ಹಳದಿ ಪೆನ್ಸಿಲ್ ತೆಗೆದು, ಫೋಟೊ ಮುಗಿಯುವವರೆಗೆ ಆ ಕಪ್ಪು ಗೆರೆಯ ಪಕ್ಕ ಅಲುಗಾಡದಂತೆ ಹಿಡಿದು ನಿಂತಳು.