ಬೆಲ್ಲ ಮಾರಲು ಜಾಲತಾಣ: ಯಾವ ವೇದಿಕೆಯನ್ನು ಆರಿಸಬೇಕು?



ಆಲೆಮನೆಯ ಬೆಲ್ಲ, ಗಾಣದ ಎಣ್ಣೆ, ಜೇನುತುಪ್ಪ, ಹಪ್ಪಳ, ರಾಗಿ ಹುರಿಹಿಟ್ಟು ಮುಂತಾದುವನ್ನು ತಯಾರಿಸಿ ಪಟ್ಟಣದ ಗಿರಾಕಿಗಳಿಗೆ ನೇರವಾಗಿ ಮಾರುವವರು ನಮ್ಮ ಹಳ್ಳಿಗಳಲ್ಲಿ ಹಲವರಿದ್ದಾರೆ. ಮಂಡಿಗೆ ಹಾಕಿದರೆ ಕೈಗೆ ಬರುವ ಹಣವೆಷ್ಟು, ತಿನ್ನುವವರಿಗೇ ಕೊಟ್ಟರೆ ಬರುವ ಹಣವೆಷ್ಟು ಎಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದುದರಿಂದಲೇ "ನಾವೂ ಒಂದು ವೆಬ್‌ಸೈಟ್ ಮಾಡಿಸೋಣ" ಎಂಬ ಮಾತು ಮನೆಯ ಓದಿದ ಮಕ್ಕಳ ಬಾಯಲ್ಲಿ ಬರುತ್ತದೆ. ಮಾತು ಒಳ್ಳೆಯದೇ. ಆದರೆ ಯಾವ ವೇದಿಕೆಯ ಮೇಲೆ ಕಟ್ಟಿಸಬೇಕು, ಯಾರ ಹೆಸರಿನಲ್ಲಿ ಇರಿಸಬೇಕು, ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ಮೊದಲೇ ತಿಳಿಯದೆ ಕೈಹಾಕಿದರೆ, ಕಷ್ಟಪಟ್ಟು ಕೂಡಿಸಿದ ಗಿರಾಕಿಗಳು ಒಂದು ದಿನ ಕೈತಪ್ಪಿ ಹೋಗಬಹುದು. ಬೆಲ್ಲವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಜಾಲತಾಣ ನಿಮಗೆ ಬೇಕೆ?

ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಿರಿ. ನಿಮ್ಮ ಗಿರಾಕಿಗಳು ಮೂವತ್ತು ನಲವತ್ತು ಮನೆಗಳಷ್ಟೇ ಆಗಿದ್ದು, ಅವರೆಲ್ಲ ಫೋನು ಮಾಡಿ ಬೆಲ್ಲ ತರಿಸಿಕೊಳ್ಳುವವರಾದರೆ ಜಾಲತಾಣಕ್ಕೆ ಈಗಲೇ ಹಣ ಹಾಕಬೇಕಾದ್ದಿಲ್ಲ. 2018ರಲ್ಲಿ ಬಂದ ವಾಟ್ಸ್‌ಆಪ್ ಬಿಸಿನೆಸ್ ಎಂಬ ಉಚಿತ ಆಪಿನಲ್ಲಿ ನಿಮ್ಮ ಸರಕಿನ ಚಿತ್ರ, ತೂಕ, ಬೆಲೆಗಳನ್ನು ಪಟ್ಟಿ ಮಾಡಿ ಇಡಬಹುದು. ಗೂಗಲ್ ನಕ್ಷೆಯಲ್ಲಿ ನಿಮ್ಮ ಆಲೆಮನೆಯ ಜಾಗ, ಫೋನ್ ನಂಬರು, ತೆರೆದಿರುವ ವೇಳೆಗಳನ್ನು ಹಣವಿಲ್ಲದೆ ನಮೂದಿಸಬಹುದು. ಯುಪಿಐ ಮೂಲಕ ಹಣ ಪಡೆಯಬಹುದು. ಇಷ್ಟರಿಂದಲೇ ಒಂದು ಸುಗ್ಗಿಯ ವ್ಯಾಪಾರ ನಡೆದೀತು.

ಗುರುತಿಲ್ಲದ ಊರುಗಳಿಂದ ಕೇಳಿಕೆ ಬರತೊಡಗಿದಾಗ, ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಬಾರಿ ಉತ್ತರ ಹೇಳಬೇಕಾದಾಗ, ನೀವು ಗದ್ದೆಯಲ್ಲಿರುವಾಗಲೂ ಆರ್ಡರು ಬರೆದುಕೊಳ್ಳುವ ವ್ಯವಸ್ಥೆ ಬೇಕೆನಿಸಿದಾಗ ಜಾಲತಾಣದ ಕಾಲ ಬಂದಿತೆಂದು ತಿಳಿಯಿರಿ.

ಜಾಲತಾಣದ ಮೂರು ಭಾಗಗಳು

ಜಾಲತಾಣವು ನೋಡುವುದಕ್ಕೆ ಒಂದೇ ವಸ್ತುವಾದರೂ ಅದರಲ್ಲಿ ಮೂರು ಭಾಗಗಳಿವೆ. ಒಂದು, ಹೆಸರು, ಇದನ್ನು ಡೊಮೈನ್ ಎನ್ನುತ್ತಾರೆ. ಎರಡು, ಜಾಗ, ನಿಮ್ಮ ಪುಟಗಳನ್ನು ಇಟ್ಟಿರುವ, ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರಿನಲ್ಲಿ ಪಡೆದ ಸ್ಥಳ. ಇದಕ್ಕೆ ಹೋಸ್ಟಿಂಗ್ ಎಂದು ಹೆಸರು. ಮೂರು, ಕಟ್ಟಡ, ಅಂದರೆ ಪುಟಗಳು, ಚಿತ್ರಗಳು, ಬೆಲೆಪಟ್ಟಿ, ಹಣ ಪಡೆಯುವ ಗಲ್ಲಾ. ವೇದಿಕೆಯೆಂದರೆ ಈ ಕಟ್ಟಡವನ್ನು ಕಟ್ಟುವ ಸಲಕರಣೆ. ಕೆಲವು ವೇದಿಕೆಗಳು ಮೂರನ್ನೂ ಸೇರಿಸಿ ಬಾಡಿಗೆಗೆ ಕೊಡುತ್ತವೆ. ಕೆಲವು ಸಲಕರಣೆಯನ್ನು ಮಾತ್ರ ಕೊಟ್ಟು ಉಳಿದುದನ್ನು ನಿಮಗೇ ಬಿಡುತ್ತವೆ.

ಹೆಸರು ನಿಮ್ಮದಾಗಿರಲಿ

ಈ ಮೂರರಲ್ಲಿ ಬಿಟ್ಟುಕೊಡಬಾರದ ವಸ್ತು ಹೆಸರು. ಜಮೀನಿಗೆ ಪಹಣಿ ಹೇಗೋ ಜಾಲತಾಣಕ್ಕೆ ಡೊಮೈನ್ ಹಾಗೆ. ಬೆಳೆ ಯಾರೇ ಇಟ್ಟಿರಲಿ, ದಾಖಲೆ ಯಾರ ಹೆಸರಿನಲ್ಲಿದೆ ಎಂಬುದೇ ಕೊನೆಗೆ ಪ್ರಶ್ನೆಗೆ ಬರುತ್ತದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿರಿ. ಪಟ್ಟಣದ ಹುಡುಗನೊಬ್ಬ ಉಪಕಾರಕ್ಕೆಂದು ನಿಮಗೆ ಜಾಲತಾಣ ಮಾಡಿಕೊಡುತ್ತಾನೆ. ಹೆಸರನ್ನು ತನ್ನ ಈಮೇಲು, ತನ್ನ ಮೊಬೈಲು ಕೊಟ್ಟು ನೋಂದಾಯಿಸುತ್ತಾನೆ. ಎರಡು ವರ್ಷ ವ್ಯಾಪಾರ ಚೆನ್ನಾಗಿ ನಡೆಯುತ್ತದೆ. ಬೆಲ್ಲದ ಪೆಟ್ಟಿಗೆಯ ಮೇಲೆಲ್ಲ ಆ ಹೆಸರನ್ನೇ ಅಚ್ಚುಹಾಕಿಸಿದ್ದೀರಿ. ಅಷ್ಟರಲ್ಲಿ ಹುಡುಗ ಕೆಲಸದ ಮೇಲೆ ದೂರದ ಊರಿಗೆ ಹೋಗುತ್ತಾನೆ, ಮೊಬೈಲ್ ನಂಬರು ಬದಲಾಗುತ್ತದೆ. ನವೀಕರಣದ ನೆನಪೋಲೆ ಅವನ ಹಳೆಯ ಈಮೇಲಿಗೆ ಬಂದು ಬಿದ್ದಿರುತ್ತದೆ. ವಾಯಿದೆ ಮೀರಿದ ಹೆಸರು ಕೆಲ ಕಾಲದ ಮೇಲೆ ಮತ್ತೆ ಮಾರಾಟಕ್ಕೆ ಬರುತ್ತದೆ. ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಹುಡುಗ ಮೋಸಗಾರನಲ್ಲ. ಆದರೂ ನಷ್ಟ ನಿಮ್ಮದೇ.

ಆದುದರಿಂದ ಹೆಸರನ್ನು ನಿಮ್ಮ ಹೆಸರಿನಲ್ಲಿಯೇ, ನಿಮ್ಮ ಮೊಬೈಲು ಮತ್ತು ಈಮೇಲು ಕೊಟ್ಟು ನೋಂದಾಯಿಸಿರಿ. 'ಡಾಟ್ ಇನ್' ಎಂದು ಕೊನೆಯಾಗುವ ಭಾರತದ ಹೆಸರುಗಳ ಮೂಲ ದಾಖಲೆಯನ್ನು ನಿಕ್ಸಿ ಎಂಬ ಸಂಸ್ಥೆ ನಿರ್ವಹಿಸುತ್ತದೆ; ಅದರ ಮಾನ್ಯತೆ ಪಡೆದ ಮಾರಾಟಗಾರರ ಮೂಲಕ ಹೆಸರನ್ನು ವರ್ಷದ ಲೆಕ್ಕದಲ್ಲಿ ಪಡೆಯಬೇಕು. ಗುಪ್ತಪದವನ್ನು ಒಂದು ಪುಸ್ತಕದಲ್ಲಿ ಬರೆದು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲಿ ಭದ್ರವಾಗಿಡಿರಿ. "ನಿಮ್ಮ ಹೆಸರಿನ ಅವಧಿ ಮುಗಿಯಿತು, ಈ ಲಿಂಕಿಗೆ ಹಣ ಕಟ್ಟಿರಿ" ಎಂದು ಯಾರಾದರೂ ಫೋನು ಮಾಡಿದರೆ ನಂಬಬೇಡಿರಿ. ಕೊಂಡ ಕಡೆಯೇ ಹೋಗಿ ನೋಡಿರಿ.

ವೇದಿಕೆಗಳಲ್ಲಿ ಮೂರು ಬಗೆ

ಮೊದಲನೆಯದು ಉಚಿತವಾದದ್ದು. ಬ್ಲಾಗರ್ ಇಂಥದು. ಇದು 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ಕಂಪನಿಯ ಕೈಗೆ ಬಂದಿತು. ಇದಕ್ಕೆ ನಿಮ್ಮ ಸ್ವಂತ ಡೊಮೈನನ್ನು ಜೋಡಿಸಿಕೊಳ್ಳಬಹುದು. ಬೆಲ್ಲ ಹೇಗೆ ತಯಾರಾಗುತ್ತದೆ, ಬೆಲೆಯೇನು, ಯಾವ ನಂಬರಿಗೆ ಫೋನು ಮಾಡಬೇಕು ಎಂದು ತಿಳಿಸುವುದಕ್ಕೆ ಇದು ಸಾಕು. ಆರ್ಡರು, ಗಲ್ಲಾ, ದಾಸ್ತಾನು ಲೆಕ್ಕ ಇದರಲ್ಲಿ ಇಲ್ಲ.

ಉಚಿತವಾದುದಕ್ಕೆ ಒಂದು ತೊಡಕಿದೆ. ಕೊಟ್ಟವರು ಯಾವಾಗ ಬೇಕಾದರೂ ನಿಲ್ಲಿಸಬಹುದು. ಯಾಹೂ ಕಂಪನಿಯ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಅಂಗಡಿಗಳಿಗೆ ಗೂಗಲ್ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಒಂದು ಪುಟದ ಜಾಲತಾಣಗಳು 2024ರ ಮಾರ್ಚಿಯಲ್ಲಿ ನಿಂತವು. ಆ ಪುಟವನ್ನೇ ನೆಚ್ಚಿದವರು ಹೊಸ ವಿಳಾಸ ಹುಡುಕಬೇಕಾಯಿತು. ಸ್ವಂತ ಹೆಸರು ಇದ್ದವರು ಅದೇ ಹೆಸರನ್ನು ಬೇರೆ ಜಾಗಕ್ಕೆ ತಿರುಗಿಸಿಕೊಂಡರೆ ಸಾಕಾಗಿತ್ತು. ಗಿರಾಕಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಎರಡನೆಯದು ಬಾಡಿಗೆ ಮಳಿಗೆ. ವಿಕ್ಸ್, ಶಾಪಿಫೈ ಮುಂತಾದವು ಈ ಬಗೆಯವು. ಎರಡೂ 2006ರಲ್ಲಿ ಆರಂಭವಾದವು. ಕಂಪ್ಯೂಟರ್ ವಿದ್ಯೆ ಇಲ್ಲದವರೂ ಚಿತ್ರಗಳನ್ನು ಎಳೆದಿಟ್ಟು ಪುಟ ಮಾಡಬಹುದು. ರಿಪೇರಿ, ಕಾವಲು ಎಲ್ಲವೂ ಕಂಪನಿಯದೇ. ಆದರೆ ಬಾಡಿಗೆ ಕಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಮಳಿಗೆ ಮುಚ್ಚುತ್ತದೆ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇದ್ದ ಹಾಗೆಯೇ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ಅದರ ಉಚಿತ ಯೋಜನೆಯಲ್ಲಿ ಕಂಪನಿಯ ಜಾಹೀರಾತು ಇರುತ್ತದೆ, ನಿಮ್ಮ ಡೊಮೈನು ಜೋಡಿಸಲು ಆಗುವುದಿಲ್ಲ. ಶಾಪಿಫೈ ಮಾರಾಟಕ್ಕೆಂದೇ ಇರುವ ವೇದಿಕೆ. ಆರ್ಡರು, ದಾಸ್ತಾನುಗಳ ಲೆಕ್ಕ ಅದರಲ್ಲಿ ಸಲೀಸು. ಆದರೆ ಬಾಡಿಗೆಯ ಮೇಲೆ ಪ್ರತಿ ಮಾರಾಟಕ್ಕೂ ಶುಲ್ಕ ಬೀಳುವುದುಂಟು. ಆ ದರವನ್ನು ಕೇಳಿಯೇ ಸೇರಿರಿ.

ಮೂರನೆಯದು ಸ್ವಂತ ಕಟ್ಟಡ. ವರ್ಡ್‌ಪ್ರೆಸ್ ಎಂಬುದು 2003ರಿಂದ ಇರುವ, ಹಣವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ. ಅದಕ್ಕೆ ವೂಕಾಮರ್ಸ್ ಎಂಬ ಇನ್ನೊಂದು ಉಚಿತ ಭಾಗವನ್ನು ಸೇರಿಸಿದರೆ ಪೂರ್ಣ ಅಂಗಡಿಯಾಗುತ್ತದೆ. ಜಾಗಕ್ಕೆ ಮಾತ್ರ ಬಾಡಿಗೆ. ಜಾಗದವನು ಸರಿಯಿಲ್ಲದಿದ್ದರೆ ಎಲ್ಲವನ್ನೂ ಎತ್ತಿಕೊಂಡು ಬೇರೆಡೆಗೆ ಹೋಗಬಹುದು. ಆದರೆ ಸ್ವಂತ ಮನೆಯ ಸೂರನ್ನು ನೀವೇ ನೋಡಿಕೊಳ್ಳಬೇಕಲ್ಲವೆ? ಹಾಗೆಯೇ ಇಲ್ಲಿ ತಂತ್ರಾಂಶವನ್ನು ಆಗಾಗ ಹೊಸದು ಮಾಡುತ್ತಿರಬೇಕು, ಪ್ರತಿ ತೆಗೆದಿಡಬೇಕು. ಮಾಡದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಇದೇ ತಂತ್ರಾಂಶವನ್ನು ಜಾಗದ ಸಮೇತ ಕೊಡುವ ಕಂಪನಿಯ ಸೇವೆ. ಸ್ವಂತವಾಗಿ ಇಟ್ಟುಕೊಳ್ಳುವ ತಂತ್ರಾಂಶ ದೊರೆಯುವುದು ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಂಬಲ್ಲಿ. ಹೆಸರು ಒಂದೇ ಎಂದು ಮೋಸಹೋಗಬೇಡಿರಿ.

ಲೆಕ್ಕ ಹಾಕಿ ನೋಡಿರಿ

ಒಂದು ಕಿಲೋ ಬೆಲ್ಲದಲ್ಲಿ ಎಲ್ಲ ಖರ್ಚು ಕಳೆದು 20 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿರಿ. ಜಾಲತಾಣದ ವರ್ಷದ ಖರ್ಚು 6,000 ರೂಪಾಯಿಯಾದರೆ, 300 ಕಿಲೋ ಬೆಲ್ಲದ ಲಾಭ ಅದಕ್ಕೇ ಹೋಗುತ್ತದೆ. ತಿಂಗಳಿಗೆ 25 ಕಿಲೋ. ತಿಂಗಳಿಗೆ 2,000 ರೂಪಾಯಿ ಬಾಡಿಗೆಯ ವೇದಿಕೆಯಾದರೆ ವರ್ಷಕ್ಕೆ 24,000 ಆಯಿತು. ಅದನ್ನು ತೀರಿಸಲು ತಿಂಗಳಿಗೆ 100 ಕಿಲೋ ಮಾರಬೇಕು. ಇವು ಲೆಕ್ಕ ತೋರಿಸುವುದಕ್ಕೆ ಹಿಡಿದ ಅಂಕಿಗಳು; ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿರಿ.

ಒಂದು ಎಚ್ಚರಿಕೆ. ಮೊದಲನೆಯ ವರ್ಷಕ್ಕೆ ಅಗ್ಗದ ದರ ತೋರಿಸಿ ಎರಡನೆಯ ವರ್ಷದಿಂದ ಹೆಚ್ಚು ವಸೂಲು ಮಾಡುವ ಪದ್ಧತಿ ಈ ವ್ಯವಹಾರದಲ್ಲಿ ಉಂಟು. ಆದುದರಿಂದ ನವೀಕರಣದ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನನ್ನ ಸ್ವಂತ ಡೊಮೈನನ್ನು ಇದಕ್ಕೆ ಜೋಡಿಸಬಹುದೆ?

2. ಎರಡನೆಯ ವರ್ಷದ ದರವೆಷ್ಟು? ಪ್ರತಿ ಮಾರಾಟದ ಮೇಲೆ ಎಷ್ಟು ಕಡಿತ?

3. ಗಿರಾಕಿ ಯುಪಿಐ ಮೂಲಕ ಹಣ ಕಟ್ಟಬಹುದೆ? ಎಷ್ಟು ದಿನಕ್ಕೆ ನನ್ನ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ?

4. ಬಿಟ್ಟುಹೋಗುವಾಗ ಸರಕಿನ ಪಟ್ಟಿ, ಆರ್ಡರು, ಗಿರಾಕಿಗಳ ವಿಳಾಸಗಳನ್ನು ತೆಗೆದುಕೊಂಡು ಹೋಗಬಹುದೆ?

5. ಪುಟಗಳಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆಯೆ? ಸಣ್ಣ ಮೊಬೈಲಿನಲ್ಲಿ, ಸಿಗ್ನಲ್ ಕಡಿಮೆ ಇರುವಲ್ಲಿ ಬೇಗ ತೆರೆಯುತ್ತದೆಯೆ?

6. ಬೆಲೆ ಬದಲಾದಾಗ ಮನೆಯವರೇ ಫೋನಿನಿಂದ ತಿದ್ದಬಹುದೆ?

ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು. ಬೆಲ್ಲದ ಬೆಲೆ ಸುಗ್ಗಿಗೊಂದು, ಹಬ್ಬಕ್ಕೊಂದು. ಪ್ರತಿ ಸಲ ಪಟ್ಟಣದವನನ್ನು ಕಾಯುವ ಜಾಲತಾಣದಲ್ಲಿ ಹಳೆಯ ಬೆಲೆಯೇ ನಿಂತು ಜಗಳಕ್ಕೆ ಕಾರಣವಾಗುತ್ತದೆ. ಮನೆಯಲ್ಲಿ ತಿದ್ದಬಲ್ಲವರು ಒಬ್ಬರಾದರೂ ಇರಬೇಕು. ಮಗಳೋ ಸೊಸೆಯೋ ಈ ಕೆಲಸ ಕಲಿತರೆ ಬಹಳ ಅನುಕೂಲ.

ಯಾರಿಗೆ ಯಾವುದು?

ಸರಕನ್ನು ತಿಳಿಸಿ ಫೋನಿನಲ್ಲಿ ಆರ್ಡರು ಪಡೆಯುವವರಿಗೆ ಸ್ವಂತ ಡೊಮೈನು ಜೋಡಿಸಿದ ಉಚಿತ ಪುಟ ಸಾಕು. ದಿನವೂ ಆರ್ಡರು ಬರುವ, ಮನೆಯಲ್ಲಿ ಕಂಪ್ಯೂಟರು ಬಲ್ಲವರು ಇಲ್ಲದ ಕುಟುಂಬಕ್ಕೆ ಬಾಡಿಗೆ ಮಳಿಗೆ ಒಪ್ಪುತ್ತದೆ. ಸ್ತ್ರೀಶಕ್ತಿ ಸಂಘ, ರೈತ ಉತ್ಪಾದಕರ ಕಂಪನಿಗಳಂತೆ ಹಲವರು ಸೇರಿ ನಡೆಸುವ ಕಡೆ, ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ ವರ್ಡ್‌ಪ್ರೆಸ್ ಇಡುವುದು ಮೇಲು. ಅಂಥಲ್ಲಿ ಡೊಮೈನು ಒಬ್ಬ ಸದಸ್ಯರ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿ ಇರತಕ್ಕದ್ದು, ಗುಪ್ತಪದ ಇಬ್ಬರಿಗಾದರೂ ತಿಳಿದಿರತಕ್ಕದ್ದು.

ಯಾವ ವೇದಿಕೆಯಾದರೂ ನಿಮ್ಮ ಪೂರ್ಣ ಹೆಸರು, ವಿಳಾಸ, ಫೋನು, ತೂಕ, ಬೆಲೆ, ಸಾಗಣೆ ವೆಚ್ಚ, ಸರಕು ಕೆಟ್ಟು ಬಂದರೆ ಏನು ಮಾಡುವಿರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಅದರ ನಂಬರನ್ನು ತೋರಿಸಿರಿ. ಹೊರರಾಜ್ಯಕ್ಕೆ ಕಳುಹಿಸುವ ಮುನ್ನ ಜಿಎಸ್‌ಟಿ ವಿಚಾರವನ್ನು ತಿಳಿದವರಲ್ಲಿ ಕೇಳಿರಿ.

ಕಬ್ಬು ಅರೆಯುವ ಕಾಲ ಬಂದ ಮೇಲೆ ಇದಕ್ಕೆ ಪುರುಸೊತ್ತು ಸಿಕ್ಕದು. ಬಿಡುವಿನ ದಿನಗಳಲ್ಲಿ ಮೊದಲು ಹೆಸರನ್ನು ನೋಂದಾಯಿಸಿರಿ. ಬಳಿಕ ಒಂದೆರಡು ವೇದಿಕೆಗಳನ್ನು ಉಚಿತ ಅವಧಿಯಲ್ಲಿ ಪರೀಕ್ಷಿಸಿರಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರಿದ್ದರೆ ಅಲ್ಲಿಯೇ ಅಭ್ಯಾಸ ಮಾಡಬಹುದು. ಗಿರಾಕಿಗಳ ಹೆಸರು ವಿಳಾಸಗಳನ್ನು ಒಂದು ಪುಸ್ತಕದಲ್ಲಿಯೂ ಬರೆದಿಡಿರಿ. ಗುತ್ತಿಗೆ ಜಮೀನಿನಲ್ಲಿ ರಾಗಿ ಬೆಳೆಯಬಹುದು, ತೆಂಗಿನ ಸಸಿ ನೆಡಬಾರದು. ಮಳಿಗೆ ಬಾಡಿಗೆಯದಾದರೂ ಆಗಲಿ, ಹೆಸರು ಮತ್ತು ಗಿರಾಕಿಗಳ ಪಟ್ಟಿ ಮಾತ್ರ ನಿಮ್ಮ ಕೈಯಲ್ಲಿಯೇ ಇರಲಿ.